ಟ್ಯಾಗ್ ಯಾವ ತುದಿಗೆ? ರೆಟ್ರೊವೈರಸ್ ಪ್ಲಾಸ್ಮಿಡ್ ಕಟ್ಟಿದ ನನ್ನ ಅನುಭವ

ರೆಟ್ರೊವೈರಸ್ ತಾನು ಹೊತ್ತ ಜೀನನ್ನು ಕೋಶದ ಡಿಎನ್‌ಎಗೇ ಸೇರಿಸಿಬಿಡುತ್ತದೆ; ಆ ಜೀನನ್ನು ಮೊದಲು ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರದಲ್ಲಿ ಕಟ್ಟಬೇಕು. ಹೀಗೆ ಕೋಶದೊಳಗೆ ಹಾಕಲು ನನಗೆ ಬೇಕಿದ್ದದ್ದು ಟಿಫ್ಯಾಮ್, ಮೈಟೊಕಾಂಡ್ರಿಯದ ಡಿಎನ್‌ಎಗೆ ಸುತ್ತಿಕೊಳ್ಳುವ ಪ್ರೋಟೀನ್. ಇದನ್ನು ಗುರುತಿಸುವ ಆಂಟಿಬಾಡಿ ಸಿಗುತ್ತದೆ. ಆದರೆ ಕೋಶ ತಾನೇ ಮಾಡಿಕೊಂಡದ್ದು ಯಾವುದು, ನಾನು ಹಾಕಿದ್ದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ನನ್ನದಕ್ಕೆ ಗುರುತಾಗಿ ಫ್ಲ್ಯಾಗ್ ಅನ್ನುವ ಟ್ಯಾಗ್ ಸೇರಿಸಿದೆ. ಬರೀ 8 ಅಮೈನೊ ಆಮ್ಲದ ತುಣುಕು.

ಯಾವ ತುದಿಗೆ ಸೇರಿಸೋದು ಅನ್ನುವುದರಲ್ಲೇ ಜಾಸ್ತಿ ತಲೆ ಕೆಡಿಸಿಕೊಂಡೆ. ಟಿಫ್ಯಾಮ್‌ನ ಉದ್ದ 246 ಅಮೈನೊ ಆಮ್ಲ. ಮೊದಲ 42 ಮೈಟೊಕಾಂಡ್ರಿಯಕ್ಕೆ ಹೋಗುವ ದಾರಿಚೀಟಿ, ಒಳಗೆ ಹೋದಮೇಲೆ ಅದು ಕತ್ತರಿಸಿ ಹೋಗುತ್ತದೆ. ಆ ತುದಿಗೆ ಟ್ಯಾಗ್ ಹಾಕಿದರೆ ಟ್ಯಾಗೂ ಅದರ ಜೊತೆ ಹೋಯಿತು. ಇನ್ನು ಸಿ ತುದಿಯ, ಅಂದರೆ ಕೊನೆಯ ತುದಿಯ, ಬಾಲವೂ ಸುಮ್ನೆ ಇಲ್ಲ, ಜೀನ್‌ಗಳನ್ನು ಓದಿಸುವ ಕೆಲಸಕ್ಕೆ ಅದು ಬೇಕು. ಆದರೂ ಸಿ ತುದಿಯನ್ನೇ ಆರಿಸಿಕೊಂಡೆ, ನಡುವೆ ಗ್ಲೈಸಿನ್, ಸೆರಿನ್‌ಗಳ ಸಡಿಲ ಕೊಂಡಿ (ಲಿಂಕರ್) ಇಟ್ಟು.

ಇಷ್ಟೂ, ಪಿಸಿಆರ್‌ನಲ್ಲಿ ಜೀನನ್ನು ನಕಲು ಮಾಡುವಾಗ ಅದರ ಕೊನೆಗೆ ಕೂರುವ ಚಿಕ್ಕ ಡಿಎನ್‌ಎ ತುಂಡು, ರಿವರ್ಸ್ ಪ್ರೈಮರ್‌ನಲ್ಲೇ ಮುಗಿಯಿತು: ಜೀನಿನ ಸ್ವಂತ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಅನ್ನುವ ಸಂಕೇತ) ತೆಗೆದು, ಲಿಂಕರ್, ಫ್ಲ್ಯಾಗ್, ಆಮೇಲೆ ಹೊಸ ಸ್ಟಾಪ್. ಜೀನನ್ನು ಕೂರಿಸಿದ ಪ್ಲಾಸ್ಮಿಡ್, ಅಂದರೆ ವೆಕ್ಟರ್, ಪಿಬೇಬ್-ಪ್ಯೂರೊ. ಇದರಲ್ಲಿ ನಮ್ಮ ಜೀನನ್ನು ವೈರಸ್ಸಿನ ಎರಡು ತುದಿಯಲ್ಲೂ ಇರುವ ಡಿಎನ್‌ಎ ತುಂಡುಗಳಲ್ಲಿ ಮೊದಲನೆಯದಾದ ಎಲ್‌ಟಿಆರ್ ಓಡಿಸುತ್ತದೆ, ಕೋಶ ಕೊಲ್ಲುವ ಪ್ಯೂರೊಮೈಸಿನ್ ಔಷಧವನ್ನು ತಡೆದುಕೊಳ್ಳುವ ಜೀನಿಗೆ ಅದನ್ನು ಓಡಿಸಲು ಎಸ್‌ವಿ40 ಪ್ರೊಮೋಟರ್ ಬೇರೆ ಇದೆ. ಒಂದು ಎಚ್ಚರಿಕೆ: ಜೀನಿನ ಹಿಂದೆ ಪಾಲಿ-ಎ (ಆರ್‌ಎನ್‌ಎ ಇಲ್ಲಿಗೆ ಮುಗಿಸು ಅನ್ನುವ) ಸಂಕೇತ ಅಂಟಿಕೊಂಡು ಬರಬಾರದು. ಬಂದರೆ ವೈರಸ್ಸಿನ ಆರ್‌ಎನ್‌ಎ ಅರ್ಧಕ್ಕೇ ನಿಂತುಹೋಗುತ್ತದೆ.

ಎರಡು ಎಲ್‌ಟಿಆರ್‌ಗಳೂ ಒಂದೇ ಥರ ಇರುವುದರಿಂದ, ಪ್ಲಾಸ್ಮಿಡ್ ಹೆಚ್ಚಿಸಿಕೊಳ್ಳಲು ಬಳಸುವ ಬ್ಯಾಕ್ಟೀರಿಯಾದೊಳಗೆ ಅವು ಒಂದಕ್ಕೊಂದು ಕೂಡಿಕೊಂಡು ನಡುವಿನದ್ದನ್ನು ಹೊರಗೆ ಹಾಕಬಹುದು. ಅದಕ್ಕೇ ಎಸ್‌ಟಿಬಿಎಲ್3 ಅನ್ನುವ, ಹೀಗೆ ಕೂಡಿಕೊಳ್ಳುವುದು ಕಡಿಮೆ ಇರುವ ಬ್ಯಾಕ್ಟೀರಿಯಾ ತಳಿಯನ್ನು 30 ಡಿಗ್ರಿಯಲ್ಲಿ ಬೆಳೆಸಿದೆ. ನಿಧಾನ ನಿಜ, ಆದರೆ ನೆಮ್ಮದಿ. ಬ್ಯಾಕ್ಟೀರಿಯಾದಿಂದ ತೆಗೆದ ಪ್ರತಿ ಪ್ಲಾಸ್ಮಿಡ್ ಪ್ರೆಪ್ಪನ್ನೂ ಎಂಜೈಮ್‌ನಲ್ಲಿ ಕತ್ತರಿಸಿ ಜೆಲ್‌ನಲ್ಲಿ ನೋಡಿದೆ, ಜೀನನ್ನು ಈ ತುದಿಯಿಂದ ಆ ತುದಿಗೆ ಸೀಕ್ವೆನ್ಸ್ ಮಾಡಿಸಿದೆ.

ವೈರಸ್ ಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿಯೇ. 293ಟಿ ಅನ್ನುವ ಮನುಷ್ಯ ಕೋಶಗಳಿಗೆ ನಮ್ಮ ಪ್ಲಾಸ್ಮಿಡ್, ವೈರಸ್ಸಿನ ಒಡಲು ಮತ್ತು ಎಂಜೈಮ್‌ಗಳನ್ನು ಮಾಡುವ ಗ್ಯಾಗ್-ಪೋಲ್, ಹೊದಿಕೆಯ ಪ್ರೋಟೀನ್ ಮಾಡುವ ವಿಎಸ್‌ವಿ-ಜಿ ಮೂರನ್ನೂ ಕೊಟ್ಟು, 48ನೇ ಗಂಟೆಗೆ ಒಮ್ಮೆ, 72ನೇ ಗಂಟೆಗೆ ಇನ್ನೊಮ್ಮೆ ವೈರಸ್ ಇರುವ ಮೀಡಿಯಾ ತೆಗೆದು, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುವುದು. ವಿಎಸ್‌ವಿ-ಜಿ ಹೊದ್ದ ವೈರಸ್ ಮನುಷ್ಯರ ಕೋಶಕ್ಕೂ ಹತ್ತುತ್ತದೆ, ಹಾಗಾಗಿ ಕೆಲಸವೆಲ್ಲ ಸೋಂಕಿನಿಂದ ಕಾಪಾಡುವ ಬಿಎಸ್‌ಎಲ್-2 ಹುಡ್‌ನಲ್ಲೇ. ಸೋಂಕು ಹಾಕುವಾಗ ಮಿಲಿಲೀಟರಿಗೆ 8 ಮೈಕ್ರೊಗ್ರಾಂ ಪಾಲಿಬ್ರೀನ್, ವೈರಸ್ ಕೋಶಕ್ಕೆ ಅಂಟಲು ನೆರವಾಗುವ ರಾಸಾಯನಿಕ. ಪ್ಲೇಟ್ ತುಂಬಿಹೋಗಿರಬಾರದು. ಕೋಶ ಒಡೆದು ಎರಡಾಗುವಾಗ ಮಾತ್ರ ಈ ವೈರಸ್ಸಿಗೆ ನ್ಯೂಕ್ಲಿಯಸ್ಸಿನೊಳಗೆ ದಾರಿ.

ಎಷ್ಟು ವೈರಸ್ ಹಾಕೋದು? ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಟಿಫ್ಯಾಮ್ ವಿಷಯದಲ್ಲಿ ಅದೇ ಅಪಾಯ. ಅದು ಹೆಚ್ಚಾದರೆ ಮೈಟೊಕಾಂಡ್ರಿಯದ ಡಿಎನ್‌ಎ ಬಿಗಿಯಾಗಿ ಮುದುಡಿಕೊಂಡು, ಜೀನ್‌ಗಳ ಓದು ಕುಗ್ಗುತ್ತದೆ. ಆಮೇಲೆ ಕಂಡದ್ದು ಪ್ರೋಟೀನಿನ ಕೆಲಸವೋ, ಅತಿಯಾದದ್ದರ ಫಲವೋ ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ವೈರಸ್ಸನ್ನು ಬೇರೆಬೇರೆ ಪ್ರಮಾಣದಲ್ಲಿ ತೆಳು ಮಾಡಿ ಹಾಕಿದೆ. ಪ್ಯೂರೊಮೈಸಿನ್ ಕೊಟ್ಟಾಗ ಹತ್ತರಲ್ಲಿ ಎರಡು ಮೂರು ಕೋಶ ಮಾತ್ರ ಉಳಿದ ಪ್ಲೇಟುಗಳನ್ನೇ ಇಟ್ಟುಕೊಂಡೆ. ಅಲ್ಲಿ ಉಳಿದ ಬಹುಪಾಲು ಕೋಶಗಳಲ್ಲಿ ನಾನು ಹಾಕಿದ ಜೀನಿನ ಒಂದೇ ಪ್ರತಿ ಇರುತ್ತದೆ. ಪಕ್ಕದಲ್ಲಿ ವೈರಸ್ ಹಾಕದೆ ಪ್ಯೂರೊಮೈಸಿನ್ ಮಾತ್ರ ಕೊಟ್ಟ ಪ್ಲೇಟು ಪೂರ್ತಿ ಸತ್ತಿರಬೇಕು. ಹೋಲಿಕೆಗೆ ಖಾಲಿ (ಟಿಫ್ಯಾಮ್ ಇಲ್ಲದ) ವೆಕ್ಟರ್ ಹಾಕಿದ ಪ್ಲೇಟೂ ಬೇಕೇ ಬೇಕು.

ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಫ್ಲ್ಯಾಗ್ ಆಂಟಿಬಾಡಿಗಿಂತ ಟಿಫ್ಯಾಮ್ ಆಂಟಿಬಾಡಿಯೇ ಹೆಚ್ಚು ಹೇಳಿತು. 25 ಕಿಲೊಡಾಲ್ಟನ್ ಹತ್ತಿರ ಒಂದರ ಮೇಲೊಂದು ಎರಡು ಬ್ಯಾಂಡ್: ಕೆಳಗಿನದು ಕೋಶದ್ದು, ಟ್ಯಾಗ್ ಭಾರಕ್ಕೆ ಕೂದಲೆಳೆಯಷ್ಟು ಮೇಲೆ ನಿಂತದ್ದು ನನ್ನದು. ದಾರಿಚೀಟಿ ಕತ್ತರಿಸದೆ ಉಳಿದಿದ್ದರೆ ಇನ್ನೂ ಮೇಲೆ, 30ರ ಆಸುಪಾಸು ಕಾಣಬೇಕಿತ್ತು. ಅಲ್ಲೇನೂ ಇರಲಿಲ್ಲ. ಮೇಲಿನ ಬ್ಯಾಂಡ್ ಕೆಳಗಿನದಕ್ಕಿಂತ ದಪ್ಪವಾಗಿದ್ದ ಕೋಶಗಳನ್ನು ಬಿಟ್ಟು, ಉಳಿದವನ್ನು ಬೇಗನೇ ಫ್ರೀಜ್ ಮಾಡಿದೆ. ಪ್ಯಾಸೇಜ್ (ಕೋಶಗಳನ್ನು ಹೊಸ ಪ್ಲೇಟಿಗೆ ದಾಟಿಸಿ ಬೆಳೆಸುವುದು) ಹೆಚ್ಚಿದಂತೆ ಎಲ್‌ಟಿಆರ್ ತಣ್ಣಗಾಗಿ ಜೀನನ್ನು ಓಡಿಸದೆ ಬಿಡಬಹುದು.