ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಎಲ್ಲರ ಫೋನಿಗೂ

ಸಾಗರದ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡುತ್ತದೆ. ಸಿಲಿಂಡರ್ ಬಂದ ದಿನ, ಹಾಲಿನವನ ರಜೆ, ಅಪ್ಪನ ಬಿಪಿ ಮಾತ್ರೆ ಮುಗಿಯುವ ದಿನ, ಎಲ್ಲ ಅಮ್ಮನ ಪೆನ್ಸಿಲ್ ಅಕ್ಷರದಲ್ಲಿ. ಆದರೆ ಅದನ್ನು ನೋಡಬೇಕಾದವರು ಅಲ್ಲಿಲ್ಲ. ನಾನು ಬೆಂಗಳೂರಲ್ಲಿ, ತಮ್ಮ ಪುಣೆಯಲ್ಲಿ, ಅಕ್ಕ ನ್ಯೂಜೆರ್ಸಿಯಲ್ಲಿ. ಹೋದ ವರ್ಷ ಅಪ್ಪನ ಕಣ್ಣಿನ ಆಪರೇಷನ್ನಿಗೆ ನಾನೂ ತಮ್ಮನೂ ಇಬ್ಬರೂ ರಜೆ ಹಾಕಿ ಹೋದೆವು. ಹದಿನೈದು ದಿನ ಬಿಟ್ಟು ಚೆಕಪ್ಪಿಗೆ ಇಬ್ಬರೂ ಹೋಗಲಿಲ್ಲ. ಅವನು ಹೋಗ್ತಾನೆ ಅಂತ ನಾನು, ನಾನು ಹೋಗ್ತೀನಿ ಅಂತ ಅವನು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬರೇ ಬಸ್ಸು ಹತ್ತಿದ್ದರು.

ಎಲ್ಲರಿಗೂ ಜಿಮೇಲ್ ಇತ್ತು, ಹಾಗಾಗಿ ಗೂಗಲ್ ಕ್ಯಾಲೆಂಡರನ್ನೇ ಹಿಡಿದೆ. ಗೂಗಲ್‌ನ ಫ್ಯಾಮಿಲಿ ಗ್ರೂಪ್ ಮಾಡಿದರೆ ಫ್ಯಾಮಿಲಿ ಕ್ಯಾಲೆಂಡರ್ ತಾನಾಗಿಯೇ ಬರುತ್ತದೆ, ಸರಿ. ಆದರೆ ಅದರಲ್ಲಿ ಒಟ್ಟು 6 ಜನಕ್ಕಷ್ಟೇ ಜಾಗ, ಎಲ್ಲರೂ ಒಂದೇ ದೇಶದಲ್ಲಿರಬೇಕು. ಅಕ್ಕ ಅಲ್ಲೇ ಹೊರಗುಳಿದಳು. ನಿಮ್ಮವರೂ ಹೊರದೇಶದಲ್ಲಿದ್ದರೆ ಆ ದಾರಿ ಬಿಟ್ಟು ಮಾಮೂಲಿ ಕ್ಯಾಲೆಂಡರ್ ಮಾಡಿ.

ಇದಕ್ಕೆ ಕಂಪ್ಯೂಟರ್ ಅನುಕೂಲ. ಫೋನಿನ ಆ್ಯಪ್‌ನಲ್ಲಿ ಹೊಸ ಕ್ಯಾಲೆಂಡರ್ ಹುಟ್ಟಿಸುವ ಬಟನ್ ಹುಡುಕಿ ನಾನು ಅರ್ಧ ಗಂಟೆ ಕಳೆದೆ, ನನಗೆ ಸಿಗಲಿಲ್ಲ. ಬ್ರೌಸರ್‌ನಲ್ಲಿ ಎಡಗಡೆ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಪ್ಲಸ್ ಒತ್ತಿ, ‘ಕ್ರಿಯೇಟ್ ನ್ಯೂ ಕ್ಯಾಲೆಂಡರ್’ ಆರಿಸಿ, ‘ಮನೆ’ ಅಂತ ಹೆಸರಿಡಿ. ಆಮೇಲೆ ಅದರ ಸೆಟ್ಟಿಂಗ್ಸ್‌ನಲ್ಲಿ ಒಬ್ಬೊಬ್ಬರ ಜಿಮೇಲ್ ಸೇರಿಸುವಾಗ ‘ಮೇಕ್ ಚೇಂಜಸ್ ಟು ಈವೆಂಟ್ಸ್’ ಕೊಡಿ. ಬರೀ ನೋಡುವ ಹಕ್ಕು ಕೊಟ್ಟರೆ ಬರೆಯುವ ಕೆಲಸವೆಲ್ಲ ನಿಮ್ಮ ತಲೆಗೇ ಬರುತ್ತದೆ. ಅವರಿಗೆ ಒಂದು ಮೇಲ್ ಹೋಗುತ್ತದೆ. ಅದರಲ್ಲಿರುವ ಲಿಂಕ್ ಒತ್ತುವ ತನಕ ಫೋನ್ ಮಾಡಿ ಪೀಡಿಸಿ.

ಆಂಡ್ರಾಯ್ಡ್‌ನವರಿಗೆ ಇಷ್ಟು ಸಾಕು. ಕಾಡುವುದು ಐಫೋನ್. ತಮ್ಮ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ಸೇರಿಸಿದ, ಕ್ಯಾಲೆಂಡರ್ ಆನ್ ಮಾಡಿದ, ಅವನ ಸ್ವಂತದ್ದೆಲ್ಲ ಬಂತು, ‘ಮನೆ’ ಮಾತ್ರ ಬರಲಿಲ್ಲ. ಬೇರೆಯವರು ಹಂಚಿಕೊಂಡ ಕ್ಯಾಲೆಂಡರ್ ಆಪಲ್‌ನ ಆ್ಯಪ್‌ನಲ್ಲಿ ಕಾಣಬೇಕಾದರೆ ಬ್ರೌಸರ್‌ನಲ್ಲಿ ‘ಕ್ಯಾಲೆಂಡರ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಷ್ ಕ್ಯಾಲೆಂಡರ್ ಸ್ಲ್ಯಾಷ್ ಸಿಂಕ್‌ಸೆಲೆಕ್ಟ್’ ಪುಟಕ್ಕೆ ಅವನ ಐಡಿಯಿಂದಲೇ ಹೋಗಿ, ‘ಮನೆ’ ಪಕ್ಕ ಟಿಕ್ ಹಾಕಿ ಸೇವ್ ಮಾಡಬೇಕು. ಇದನ್ನು ಫೋನ್ ತನ್ನಷ್ಟಕ್ಕೆ ಹೇಳುವುದೇ ಇಲ್ಲ. ಈ ತಲೆನೋವು ಬೇಡವೆಂದರೆ ಐಫೋನಿನಲ್ಲೂ ಗೂಗಲ್‌ನ ಆ್ಯಪನ್ನೇ ಹಾಕಿಕೊಳ್ಳಬಹುದು.

ನನ್ನ ಹೆಂಡತಿಯ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಔಟ್‌ಲುಕ್. ಅದಕ್ಕೆ ‘ಮನೆ’ಯ ಸೆಟ್ಟಿಂಗ್ಸ್‌ನ ಕೆಳಗಡೆ ಇರುವ, ಐಕ್ಯಾಲ್ ರೂಪದ (ಬೇರೆ ಕಂಪನಿಯ ಆ್ಯಪ್‌ಗಳೂ ಓದಬಲ್ಲ ಕ್ಯಾಲೆಂಡರ್ ರೂಪ) ‘ಸೀಕ್ರೆಟ್ ಅಡ್ರೆಸ್’ ಕೊಟ್ಟೆ. ನೋಡಬಹುದು, ಬರೆಯಲಾಗದು; ಬದಲಾವಣೆ ಕಾಣುವುದೂ ತಡ. ಆ ವಿಳಾಸವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದು ಯಾರ ಕೈಗೆ ಸಿಕ್ಕರೂ ಮನೆಯ ದಿನಚರಿಯೆಲ್ಲ ಅವರಿಗೆ ಕಾಣುತ್ತದೆ.

ಭಾನುವಾರ ಬೆಳಗ್ಗೆ 8ಕ್ಕೆ ಅಕ್ಕನ ವಿಡಿಯೋ ಕಾಲ್. ಅವಳಿಗೆ ಅದು ಬೇಸಿಗೆಯಲ್ಲಿ ಶನಿವಾರ ರಾತ್ರಿ 10:30, ಚಳಿಗಾಲದಲ್ಲಿ 9:30. ಮೊದಲು ಅವಳೇ ತನ್ನ ಫೋನಿನಲ್ಲಿ 10:30 ಅಂತ ಹಾಕಿದ್ದಳು. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರ ಹಿಂದಿಟ್ಟ ವಾರ ನಮಗದು 9 ಗಂಟೆಗೆ ಜಾರಿತು, ಅಮ್ಮ 8ರಿಂದ ಫೋನ್ ಹಿಡಿದು ಕೂತಿದ್ದಳು. ಈಗ ಭಾರತದ ಸಮಯದಲ್ಲಿ ನಾನೇ ಹಾಕಿದ್ದೇನೆ.

ಅಜ್ಜನ ತಿಥಿಯನ್ನು ‘ಪ್ರತಿ ವರ್ಷ’ ಅಂತ ರಿಪೀಟ್ ಕೊಟ್ಟರೆ ಕೆಟ್ಟಿತು. ಚಾಂದ್ರಮಾನದ ದಿನ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದರೆ ಮತ್ತೆ ಮುಂದಕ್ಕೆ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಅಪ್ಪ ದಿನಾಂಕ ಓದಿ ಹೇಳುತ್ತಾರೆ, ನಾನು ಒಂದೊಂದಾಗಿ ಸೇರಿಸುತ್ತೇನೆ. ರಿಮೈಂಡರ್ ಮಾತ್ರ ಅವರವರೇ ತಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಕು. ನಾನಿಟ್ಟದ್ದು ತಮ್ಮನ ಫೋನಿನಲ್ಲಿ ಬಾರಿಸುವುದಿಲ್ಲ.

ಇನ್ನೊಂದು, ಏನು ಅನ್ನುವುದರ ಜೊತೆ ಯಾರು ಅನ್ನುವುದನ್ನೂ ಹೆಸರಿನಲ್ಲೇ ಬರೆಯುತ್ತೇವೆ: ‘ಅಪ್ಪ, ಕಣ್ಣು ಡಾಕ್ಟರ್, ತಮ್ಮ’. ಹೆಸರಿಲ್ಲದಿದ್ದರೆ ಯಾರೂ ಒಪ್ಪಿಕೊಂಡಿಲ್ಲ ಅಂತಲೇ ಲೆಕ್ಕ.

ಅಮ್ಮ ಆ್ಯಪ್ ಮುಟ್ಟುವುದಿಲ್ಲ. ತಿಂಗಳ ಮೊದಲ ದಿನ ಗೋಡೆಯ ಹಾಳೆಯ ಫೋಟೋ ತೆಗೆದು ಕಳಿಸುತ್ತಾಳೆ, ನಾನು ಏರಿಸುತ್ತೇನೆ. ಸಂಜೆ ಫೋನ್ ಮಾಡಿ, ಡಾಕ್ಟರ ದಿನಕ್ಕೆ ಯಾರ ಹೆಸರು ಬಿದ್ದಿದೆ ಅಂತ ಕೇಳಿ, ಅದನ್ನು ಪೆನ್ಸಿಲ್‌ನಲ್ಲಿ ಗೋಡೆಯ ಮೇಲೂ ಬರೆದುಕೊಳ್ಳುತ್ತಾಳೆ.