ಕೃಪೆ ಕೃಪಾಂಕವಲ್ಲ: ಎಫೆಸ ಪತ್ರಿಕೆಯ ಹತ್ತು ವಚನಗಳನ್ನು ಮನೆಕೂಟದಲ್ಲಿ ಓದಿಸುವ ಬಗೆ

ಕಾರವಾರದ ಕಡೆ ಮನೆಗಳಲ್ಲಿ ಸಂಜೆ ಸೇರುವ ಪ್ರಾರ್ಥನಾಕೂಟಗಳಲ್ಲಿ ವಾಕ್ಯಭಾಗವನ್ನು ವಿವರಿಸುವ ಹೊಣೆ ಎಷ್ಟೋ ಸಲ ಸಭಾಪಾಲಕರಲ್ಲದ ನಮ್ಮಂಥವರ ಮೇಲೆ ಬೀಳುತ್ತದೆ. ಆ ಹೊಣೆ ಹೊತ್ತವರು ಒಂದಲ್ಲ ಒಂದು ದಿನ ಬೈಬಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯಕ್ಕೆ, ಅಂದರೆ ರಕ್ಷಣೆಯು ಕೃಪೆಯಿಂದ, ನಂಬಿಕೆಯ ಮೂಲಕ ದೊರೆಯುತ್ತದೆ ಎಂಬ ಮಾತಿಗೆ ಬರಲೇಬೇಕು. ಅದನ್ನು ಓದಿಸುವ ಬಗೆಯನ್ನು, ನಾನು ತಪ್ಪಿದ ಕಡೆಯನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಆ ಮಾತಿರುವ ಎಂಟನೆಯ ವಚನ ಬಹಳ ಮಂದಿಗೆ ಬಾಯಿಪಾಠವಾಗಿರುವುದರಿಂದ ಅಲ್ಲಿಂದಲೇ ಆರಂಭಿಸಬೇಕೆನಿಸುತ್ತದೆ, ಹಾಗೆ ಮಾಡಬಾರದು. ಮೊದಲನೆಯ ವಚನದಿಂದ ನಿಧಾನವಾಗಿ ಓದಿಸಬೇಕು. ಅಲ್ಲಿ ಪೌಲನು ತನ್ನ ಓದುಗರನ್ನು ಬಲಹೀನರೆಂದೋ ರೋಗಿಗಳೆಂದೋ ಕರೆಯದೆ, ಪಾಪಗಳಲ್ಲಿ ಸತ್ತವರಾಗಿದ್ದಿರಿ ಎನ್ನುತ್ತಾನೆ. ನಾಲ್ಕನೆಯ ವಚನ ‘ಆದರೆ’ ಎಂದು ತಿರುಗಿ, ಅಲ್ಲಿಂದ ಮುಂದಿನ ಕ್ರಿಯೆಗಳಿಗೆಲ್ಲ ಕರ್ತೃ ದೇವರೇ ಆಗುತ್ತಾನೆ: ಬದುಕಿಸಿದನು, ಎಬ್ಬಿಸಿದನು, ಕೂರಿಸಿದನು. ಈ ಕ್ರಿಯಾಪದಗಳನ್ನು ಕೂಟದವರಿಂದಲೇ ಹುಡುಕಿಸಿರಿ.

ಇಲ್ಲಿ ‘ಕೃಪೆ’ ಎಂಬ ಪದವನ್ನು ಬಿಡಿಸಿ ಹೇಳದಿದ್ದರೆ ಮುಂದಿನದೆಲ್ಲ ಸಡಿಲವಾಗುತ್ತದೆ. ಈಗಿನ ಮಕ್ಕಳಿಗೆ ಆ ಪದ ಕೇಳಿದೊಡನೆ ನೆನಪಾಗುವುದು ಕೃಪಾಂಕ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 20ರಷ್ಟು ಕೃಪಾಂಕ ಕೊಟ್ಟಾಗ ಆ ಮಾತು ಮನೆಮನೆಯಲ್ಲಿತ್ತು. ಕೃಪಾಂಕ ಸಿಗಬೇಕಾದರೆ ವಿದ್ಯಾರ್ಥಿಯು ಮೊದಲು ಇಂತಿಷ್ಟು ಅಂಕಗಳನ್ನು ತಾನೇ ಗಳಿಸಿರಬೇಕು. ಉಳಿದ ಕೊರತೆಯನ್ನಷ್ಟೇ ಮಂಡಳಿ ತುಂಬಿಕೊಡುತ್ತದೆ. ನಮ್ಮಲ್ಲಿ ಅನೇಕರು ದೇವರ ಕೃಪೆಯನ್ನೂ ಹೀಗೆಯೇ ಭಾವಿಸಿದ್ದಾರೆ: ನಾವು ಕೈಲಾದಷ್ಟು ಒಳ್ಳೆಯವರಾಗಿರೋಣ, ಕಡಿಮೆಬಿದ್ದದ್ದನ್ನು ಆತನು ತುಂಬುತ್ತಾನೆ. ಆದರೆ ಸತ್ತವನ ಉತ್ತರಪತ್ರಿಕೆಯಲ್ಲಿ ತುಂಬಿಕೊಡಲು ಯಾವ ಅಂಕವೂ ಇರುವುದಿಲ್ಲ. ಈ ಹೋಲಿಕೆಗೆ ಸಾಕಷ್ಟು ಸಮಯ ಕೊಡಿ. ಹಿರಿಯರಿಗೂ ಇದು ಬೇಗ ಹತ್ತುತ್ತದೆ.

ಬಳಿಕ ಎಂಟನೆಯ ವಚನದ ‘ಇಂದ’ ಮತ್ತು ‘ಮೂಲಕ’ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿ ತೋರಿಸಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದದ್ದನ್ನೂ, ಅದರ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿ ತಂದದ್ದನ್ನೂ ಕಾರವಾರದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗೆ ಮುಳುಗುವವನು ತನ್ನತ್ತ ಚಾಚಿದ ಕೈಯನ್ನು ಹಿಡಿದರೆ, ಆ ಹಿಡಿತವು ಅವನನ್ನು ಕಾಪಾಡಿದವರಿಗೆ ಕೊಟ್ಟ ಬೆಲೆಯಾಗುವುದಿಲ್ಲ. ರಕ್ಷಣೆ ಬಂದವರಿಂದ, ಅದು ತಲುಪಿದ್ದು ಹಿಡಿದ ಕೈಯ ಮೂಲಕ. ನಂಬಿಕೆ ಎಂದರೆ ಆ ಹಿಡಿತ. ಹೋಲಿಕೆಗೆ ಒಂದು ಮಿತಿಯೂ ಇದೆ: ನೀರಿಗೆ ಬಿದ್ದವನು ಜೀವಂತನಾಗಿದ್ದನು, ಮೊದಲನೆಯ ವಚನದ ಮನುಷ್ಯನು ಸತ್ತಿದ್ದಾನೆ. ಇದನ್ನು ಮುಚ್ಚಿಡದೆ ಹೇಳಿರಿ.

ನಾನು ತಪ್ಪಿದ್ದು ಇಲ್ಲಿಯೇ. ಮೊದಲ ವರ್ಷಗಳಲ್ಲಿ ‘ನಂಬಿಕೆ ಹೆಚ್ಚಿಸಿಕೊಳ್ಳಿರಿ’ ಎಂದು ಪದೇ ಪದೇ ಒತ್ತಿ ಹೇಳುತ್ತಿದ್ದೆ. ಒಂದು ಸಂಜೆ ಕೂಟ ಮುಗಿದ ಮೇಲೆ ತಾಯಿಯೊಬ್ಬರು ಉಳಿದುಕೊಂಡು, ತಮ್ಮ ನಂಬಿಕೆ ಸಾಲದೆ ಹೋದದ್ದರಿಂದ ದೇವರು ತಮ್ಮನ್ನು ಕೈಬಿಟ್ಟಿರಬಹುದೇ ಎಂದು ಕೇಳಿದರು. ತೀರಿಸಲಾಗದ ಹರಕೆಯ ಹಾಗೆ ಅವರು ನಂಬಿಕೆಯನ್ನು ಹೊತ್ತುಕೊಂಡಿದ್ದರು, ಮತ್ತು ಅದನ್ನು ಹೊರಿಸಿದವನು ನಾನು. ನಂಬಿಕೆಯ ಅಳತೆಯನ್ನು ಕುರಿತು ಮಾತಾಡುವುದನ್ನು ಅಂದಿನಿಂದ ಬಿಟ್ಟು, ನಂಬಿಕೆ ಯಾರನ್ನು ಹಿಡಿದಿದೆಯೋ ಆ ಕ್ರಿಸ್ತನನ್ನು ಕುರಿತು ಮಾತಾಡುತ್ತೇನೆ. ನಡುಗುವ ಕೈ ಹಿಡಿದರೂ ಎಳೆಯುವವನ ಬಲ ಕುಗ್ಗುವುದಿಲ್ಲ.

ಈ ಮಾತಿಗೆ ಗ್ರೀಕ್ ಮೂಲದಲ್ಲಿಯೂ ಆಧಾರವಿದೆ. ಅದೇ ಎಂಟನೆಯ ವಚನದ ‘ಇದು ನಿಮ್ಮಿಂದ ಉಂಟಾದದ್ದಲ್ಲ’ ಎಂಬಲ್ಲಿ ‘ಇದು’ ಎಂಬ ಪದ ನಪುಂಸಕಲಿಂಗದಲ್ಲಿದೆ. ಕೃಪೆಯನ್ನು ಹೇಳುವ ‘ಖಾರಿಸ್’, ನಂಬಿಕೆಯನ್ನು ಹೇಳುವ ‘ಪಿಸ್ತಿಸ್’ ಎರಡೂ ಸ್ತ್ರೀಲಿಂಗದವು. ಆದುದರಿಂದ ‘ಇದು’ ಎಂಬುದು ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆ ಹೊಂದಿದ ಇಡೀ ಸಂಗತಿಯನ್ನು ಸೂಚಿಸುತ್ತದೆಂದು ಬಹಳ ವ್ಯಾಖ್ಯಾನಕಾರರು ಹೇಳುತ್ತಾರೆ. ಕನ್ನಡದಲ್ಲಿ ಈ ಮೂರೂ ‘ಅದು’ ಆಗಿಬಿಡುವುದರಿಂದ ಈ ಭೇದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದು ಕ್ರಿಯೆಗಳಿಂದ ಆದದ್ದಲ್ಲ, ಆದುದರಿಂದ ಯಾರೂ ಹೊಗಳಿಕೊಳ್ಳುವಂತಿಲ್ಲ ಎನ್ನುವ ಒಂಬತ್ತನೆಯ ವಚನಕ್ಕೆ, ದುಡಿದವನ ಕೂಲಿ ಕೃಪೆಯಲ್ಲ, ಸಲ್ಲಬೇಕಾದದ್ದು ಎನ್ನುವ ರೋಮಾಪುರದವರಿಗೆ ಬರೆದ ಪತ್ರಿಕೆಯ 4:4ನ್ನು ಜೋಡಿಸಿದರೆ ಸಾಕು. ರಂಪಣಿ ಬಲೆಯ ಹಗ್ಗ ಎಳೆದವನಿಗೂ ಶಿರಸಿಯ ತೋಟದಲ್ಲಿ ಅಡಿಕೆ ಸುಲಿದವನಿಗೂ ಅವರ ಪಾಲು, ಅವರ ಕೂಲಿ ಸಲ್ಲಲೇಬೇಕು. ಅದನ್ನು ಯಾರೂ ಉಪಕಾರವೆನ್ನುವುದಿಲ್ಲ.

‘ಹಾಗಾದರೆ ಹೇಗೆ ಬಾಳಿದರೂ ಆದೀತೇ?’ ಎಂಬ ಪ್ರಶ್ನೆಯನ್ನು ಈ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಎತ್ತಿರಿ, ಏಕೆಂದರೆ ಉತ್ತರ ಹತ್ತನೆಯ ವಚನದಲ್ಲಿದೆ: ಸತ್ಕ್ರಿಯೆಗಳಿಗಾಗಿಯೇ ನಾವು ಕ್ರಿಸ್ತನಲ್ಲಿ ನಿರ್ಮಿತರಾದವರು. ಹಣ್ಣು ಬಿಟ್ಟದ್ದರಿಂದ ಮರಕ್ಕೆ ಜೀವ ಬರುವುದಿಲ್ಲ, ಜೀವವಿರುವ ಮರ ಹಣ್ಣು ಬಿಡದೆಯೂ ಇರದು. ಯಾಕೋಬನ ಪತ್ರಿಕೆಯ 2:19, ದೆವ್ವಗಳೂ ನಂಬಿ ನಡುಗುತ್ತವೆ ಎಂಬ ವಚನವನ್ನು ಇಲ್ಲಿ ಓದಿಸಿದರೆ, ಬರೀ ಒಪ್ಪಿಗೆಗೂ ಭರವಸೆಯಿಟ್ಟು ಒಪ್ಪಿಸಿಕೊಳ್ಳುವುದಕ್ಕೂ ಇರುವ ಅಂತರ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಕೂಟಕ್ಕೆ ಕಥೋಲಿಕ ನೆರೆಯವರು ಬರುವುದೂ ಉಂಟು. ಅವರ ಕನ್ನಡ ಪ್ರಾರ್ಥನೆಗಳಲ್ಲಿ ಕೃಪೆಗೆ ‘ವರಪ್ರಸಾದ’ ಎಂಬ ಪದವಿದೆ, ಕೊಂಕಣಿಯಲ್ಲಿ ‘ಕುರ್ಪಾ’ ಎನ್ನುತ್ತಾರೆ. ಆ ಪದಗಳನ್ನೂ ಬಳಸಿ ವಿವರಿಸಿರಿ. 1517ರಲ್ಲಿ ಜರ್ಮನಿಯ ಸುಧಾರಕ ಲೂಥರನಿಂದ ಕಥೋಲಿಕ ಸಭೆಯೊಡನೆ ಆರಂಭವಾದ ವಾದಕ್ಕೆ ಅವರೆದುರು ಇಳಿಯುವ ಅಗತ್ಯವಿಲ್ಲ. ನಮ್ಮ ಯಾವ ಪುಣ್ಯದಿಂದಲೂ ಅಲ್ಲ, ಕೃಪೆಯೊಂದರಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂದು ಲೂಥರನ್ ಸಭೆಗಳೂ ಕಥೋಲಿಕ ಸಭೆಯೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿವೆ. ಭಿನ್ನಾಭಿಪ್ರಾಯಗಳೆಲ್ಲ ಅಳಿದವೆಂದು ಇದರರ್ಥವಲ್ಲ, ಆದರೆ ಒಂದೇ ಚಾಪೆಯ ಮೇಲೆ ಕುಳಿತು ಈ ಭಾಗವನ್ನು ಓದಲು ಅಷ್ಟು ಸಾಕು.

ಮುಗಿಸುವಾಗ ನಿಮ್ಮ ಮಾತು ಬೇಡ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೂರ ನಿಂತು, ತಲೆಯೆತ್ತಲಾರದೆ ಎದೆ ಬಡಿದುಕೊಂಡ ಸುಂಕದವನ ಪ್ರಾರ್ಥನೆಯನ್ನು ಒಬ್ಬರಿಂದ ಓದಿಸಿ, ಐದು ನಿಮಿಷ ಎಲ್ಲರೂ ಮೌನವಾಗಿ ಕುಳಿತಿರಲು ಬಿಡಿ. ಆ ಮೇಲೆ ಯಾರಾದರೂ ಏನಾದರೂ ಕೇಳಬೇಕೆಂದು ಉಳಿದರೆ, ಅವರಿಗಾಗಿ ನೀವೂ ಉಳಿಯಿರಿ.