ಅಪ್ಪನ ಪಿಸ್ತೂಲೋ, ಹೊಸ ರಿವಾಲ್ವರೋ

ನಮ್ಮ ಕಾಫಿ ತೋಟ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಮನೆಯಿಂದ ಟಾರ್ ರಸ್ತೆಗೆ ಎರಡು ಕಿಲೋಮೀಟರ್. ಪಕ್ಕದ ಮನೆಗೂ ಹೆಚ್ಚುಕಡಿಮೆ ಅಷ್ಟೇ. ಬೆಳೆ ಕಾಯಲು ಜೋಡು ನಳಿಗೆಯ 12 ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ) ಕೋವಿ ಮೊದಲಿಂದಲೂ ನನ್ನ ಹೆಸರಿನಲ್ಲಿದೆ. ಹಂದಿ, ಮಂಗ ಓಡಿಸಲು ಅದು ಸಾಕು. ಆದರೆ ಬಟವಾಡೆ ದಿನ ಬ್ಯಾಂಕಿನಿಂದ ದುಡ್ಡು ತರುವಾಗ ಅದನ್ನು ಹೆಗಲಿಗೇರಿಸಿಕೊಂಡು ಪೇಟೆಯಲ್ಲಿ ಓಡಾಡಲು ಆಗುತ್ತಾ?

ಆ ಕೆಲಸಕ್ಕೆ ಅಪ್ಪನ ಹತ್ತಿರ ಒಂದು ಪಿಸ್ತೂಲು ಇತ್ತು. ಜರ್ಮನಿಯ ವಾಲ್ಥರ್ ಪಿಪಿ, .32 ಬೋರ್. ಹೊರದೇಶದಿಂದ ಕೋವಿ ತರಿಸುವುದು 1980ರ ದಶಕದಲ್ಲೇ ನಿಂತುಹೋಯಿತು. ಹಾಗಾಗಿ ಈಗ ಅಂಥದ್ದು ಕೊಳ್ಳಬೇಕೆಂದರೆ ಲಕ್ಷಗಟ್ಟಲೆ ಬೇಕು. 2020ರಲ್ಲಿ ಅಪ್ಪನಿಗೆ ಎಪ್ಪತ್ತು ದಾಟಿತು. "ಇನ್ನು ನಿನ್ನ ಹೆಸರಿಗೆ ಮಾಡಿಸಿಕೋ" ಎಂದರು. 2016ರ ಆಯುಧ ನಿಯಮದಲ್ಲಿ ಇದಕ್ಕೆ ದಾರಿ ಇದೆ. ಲೈಸೆನ್ಸ್ ಇದ್ದವರಿಗೆ ಎಪ್ಪತ್ತು ತುಂಬಿದ್ದರೆ, ಇಲ್ಲವೇ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರು ಅರ್ಜಿ ಹಾಕಬಹುದು.

ತೊಡಕು ಬೇರೆ ಕಡೆ ಇತ್ತು. 2019ರ ಡಿಸೆಂಬರ್‌ನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದು, ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಾಗಿದ್ದದ್ದು ಎರಡಕ್ಕೆ ಇಳಿದಿತ್ತು. ಒಂದು ಜಾಗ 12 ಬೋರಿಗೆ ಹೋಯಿತು. ಉಳಿದದ್ದು ಒಂದೇ. ಅಪ್ಪನ ಪಿಸ್ತೂಲಿಗೋ, ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ .32 ರಿವಾಲ್ವರಿಗೋ, ಒಂದಕ್ಕೆ ಮಾತ್ರ. 9 ಎಂಎಂ ಪಿಸ್ತೂಲು ನಿಷಿದ್ಧ ಬೋರ್, ಅಂದರೆ ನಮ್ಮಂಥವರಿಗೆ ಲೈಸೆನ್ಸ್ ಸಿಗದ ಅಳತೆ. ಆ ಆಸೆ ಇಟ್ಟುಕೊಳ್ಳುವ ಹಾಗೇ ಇರಲಿಲ್ಲ.

ನನ್ನ ಮನಸ್ಸು ಪಿಸ್ತೂಲಿನ ಕಡೆಗೇ ಇತ್ತು. ಚಿಕ್ಕಂದಿನಿಂದ ನೋಡಿದ್ದು, ಅಪ್ಪನ ಕೈಯಲ್ಲಿ ಇದ್ದದ್ದು. ಎರಡನ್ನೂ ಹೊಡೆದು ನೋಡಿಯೇ ತೀರ್ಮಾನ ಮಾಡೋಣ ಎಂದು ಅಪ್ಪನನ್ನೂ, ರಿವಾಲ್ವರ್ ಇದ್ದ ಒಬ್ಬ ಸ್ನೇಹಿತನನ್ನೂ ಕರೆದುಕೊಂಡು ಗುಂಡು ಹೊಡೆದು ಅಭ್ಯಾಸ ಮಾಡುವ ಬೆಂಗಳೂರಿನ ಒಂದು ರೇಂಜಿಗೆ ಹೋದೆ. ಲೈಸೆನ್ಸ್ ಇದ್ದವರು ಇಬ್ಬರೂ ನನ್ನ ಪಕ್ಕದಲ್ಲೇ ನಿಂತಿದ್ದರು.

ಮೊದಲು ಪಿಸ್ತೂಲು. ಹತ್ತು ಮೀಟರ್ ದೂರದ ಕಾಗದ. ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೆ, ಭಾರವಾಗಿ ಬರುತ್ತದೆ. ಆಮೇಲೆ ಹ್ಯಾಮರ್ (ಗುಂಡು ಹಾರಿಸಲು ಹಿಂದಿನಿಂದ ಹೊಡೆಯುವ ಭಾಗ) ತಾನೇ ಹಿಂದಕ್ಕೆ ನಿಂತಿರುತ್ತದೆ, ಬೆರಳು ಸ್ವಲ್ಪ ಒತ್ತಿದರೂ ಸಾಕು. ಐದು ಗುಂಡು ಅಂಗೈ ಅಗಲದ ಜಾಗದಲ್ಲಿ ಬಿದ್ದವು. ಖುಷಿಯಾಯಿತು. ಆರನೆಯದು ಹಾರಲಿಲ್ಲ. ಟಕ್ ಎಂದಿತು, ಅಷ್ಟೇ. ರೇಂಜಿನವರು ನಳಿಗೆ ಗುರಿಯ ಕಡೆಗೇ ಇರಲಿ ಎಂದು ಅರ್ಧ ನಿಮಿಷ ಕಾಯಿಸಿದರು. ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಳೆದು ಅದನ್ನು ಹೊರಗೆ ಹಾಕಿದೆ. ಒಟ್ಟು ಇಪ್ಪತ್ತು ಗುಂಡಿನಲ್ಲಿ ಎರಡು ಹಾರಲಿಲ್ಲ. ಇನ್ನೊಂದು ಸಲ ಹಾರಿದ ಗುಂಡಿನ ಖಾಲಿ ಕೊಳವೆ, ಅಂದರೆ ಕೇಸು, ಹೊರಗೆ ಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ನನ್ನ ಕೈಗೆ ಎಂಟು ಹತ್ತು ಸೆಕೆಂಡು ಬೇಕಾಯಿತು. ಹಗಲು ಹೊತ್ತು, ಪಕ್ಕದಲ್ಲಿ ಹೇಳಿಕೊಡುವವರು ಇದ್ದಾಗ ಅಷ್ಟು.

ತಪ್ಪು ಪಿಸ್ತೂಲಿನ ಮಾದರಿಯದಲ್ಲ. ಗುಂಡು ಹಳೆಯದು. ಎಷ್ಟೋ ಮಳೆಗಾಲ ನಮ್ಮ ಬೀರುವಿನಲ್ಲೇ ಕಳೆದಿತ್ತು. ಮಲೆನಾಡಿನ ಥಂಡಿ ಬೀರುವಿನ ಬಟ್ಟೆಯನ್ನೇ ಬಿಡುವುದಿಲ್ಲ, ಗುಂಡನ್ನು ಬಿಡುತ್ತದಾ? ಸ್ಪ್ರಿಂಗಿಗೂ ವಯಸ್ಸಾಗಿತ್ತು.

ರಿವಾಲ್ವರಿನಲ್ಲಿ ನನ್ನ ಗುರಿ ಚೆನ್ನಾಗಿರಲಿಲ್ಲ. ಪ್ರತಿ ಸಲವೂ ಟ್ರಿಗರ್ ಪೂರ್ತಿ ಎಳೆಯಬೇಕು. ಎಳೆದ ಹಾಗೇ ನಳಿಗೆ ಬಲಕ್ಕೆ ತಿರುಗುತ್ತಿತ್ತು. ಗುಂಡುಗಳು ಊಟದ ತಟ್ಟೆ ಅಗಲಕ್ಕೆ ಚೆಲ್ಲಿದವು. ಅಲ್ಲೂ ಒಂದು ಗುಂಡು ಹಾರಲಿಲ್ಲ. ರೇಂಜಿನಲ್ಲಿ ಕಾಯಲೇಬೇಕು, ಕಾದೆವು. ಆದರೆ ನಿಜವಾದ ಅಪಾಯದಲ್ಲಿ ಆಗ ಮಾಡುವುದು ಒಂದೇ ಕೆಲಸ: ಮತ್ತೆ ಟ್ರಿಗರ್ ಎಳೆಯುವುದು. ಗುಂಡು ತುಂಬಿದ ಸಿಲಿಂಡರ್ ತಿರುಗಿ ಇನ್ನೊಂದು ಗುಂಡು ಮುಂದೆ ಬರುತ್ತದೆ. ಎಡಗೈ ಬೇಡ, ಯೋಚನೆಯೂ ಬೇಡ. ಎಡಗೈಯಲ್ಲಿ ಟಾರ್ಚ್ ಇರಬಹುದು, ಮಗು ಇರಬಹುದು.

ವಾಪಸು ಬರುವಾಗ ಜೀಪಿನಲ್ಲಿ ಲೆಕ್ಕ ಹಾಕಿದೆ. ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ಗುಂಡು ಕೊಳ್ಳಬಹುದು. ತೋಟದಲ್ಲಿ ಕೆಲಸ ಬಿಟ್ಟು ವರ್ಷಕ್ಕೆ ಎರಡು ಸಲ ರೇಂಜಿಗೆ ಹೋದರೆ ಅದೇ ಜಾಸ್ತಿ. ಸಿಕ್ಕಿಕೊಂಡ ಕೇಸನ್ನು ಕತ್ತಲಲ್ಲಿ ಕಣ್ಣು ಮುಚ್ಚಿ ಬಿಡಿಸುವಷ್ಟು ಕೈ ಪಳಗಲು ನೂರಾರು ಸಲ ಮಾಡಬೇಕು. ನನ್ನ ಬದುಕಿನಲ್ಲಿ ಅದು ಆಗದು. ಪಿಸ್ತೂಲು ಒಳ್ಳೆಯದೋ ರಿವಾಲ್ವರ್ ಒಳ್ಳೆಯದೋ ಎಂದು ಅಷ್ಟು ದಿನ ಕೇಳಿಕೊಂಡಿದ್ದೆ. ವರ್ಷಕ್ಕೆ ಎರಡು ಸಲ ಮುಟ್ಟುವ ಕೈಗೆ ಯಾವುದು ಒಗ್ಗುತ್ತದೆ ಎಂದು ಕೇಳಬೇಕಿತ್ತು.

ಆದರೂ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಒಪ್ಪಿಸಿದ್ದು ಮನೆಯಲ್ಲೇ ನಡೆದ ಇನ್ನೊಂದು ಸಂಗತಿ. ಒಂದು ಭಾನುವಾರ ಅಪ್ಪ ಪಿಸ್ತೂಲು ಒರೆಸಲು ಕೂತಿದ್ದರು. ನಾನೇ ಹಿಡಿಯೊಳಗಿನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು ಊಟದ ಮೇಜಿನ ಮೇಲಿಟ್ಟು, "ಖಾಲಿ ಇದೆ" ಎಂದೆ. ಅಪ್ಪ, "ಸ್ಲೈಡ್ ಎಳಿ" ಎಂದರು. ಎಳೆದೆ. ಒಂದು ಗುಂಡು ಚಿಮ್ಮಿ ಮೇಜಿನ ಮೇಲೆ ಬಿದ್ದು, ಉರುಳಿಕೊಂಡು ಹೋಗಿ ಉಪ್ಪಿನ ಭರಣಿಗೆ ತಾಗಿ ನಿಂತಿತು. ಎದುರಿನ ಕುರ್ಚಿಯಲ್ಲಿ ಮಗಳು ಡ್ರಾಯಿಂಗ್ ಮಾಡುತ್ತಿದ್ದಳು. ಮ್ಯಾಗಜಿನ್ ತೆಗೆದರೂ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ಉಳಿದಿರಬಹುದು ಎನ್ನುವುದು ನನಗೆ ಗೊತ್ತಿರದ ವಿಷಯವಲ್ಲ. ಗೊತ್ತಿದ್ದೂ ಮರೆತೆ. ವಾಲ್ಥರ್ ಪಿಪಿಯಲ್ಲಿ ಚೇಂಬರಿನಲ್ಲಿ ಗುಂಡಿದ್ದರೆ ಹ್ಯಾಮರಿನ ಮೇಲ್ಗಡೆ ಒಂದು ಸಣ್ಣ ಪಿನ್ ಹೊರಗೆ ಬಂದಿರುತ್ತದೆ. ಅದನ್ನೂ ನಾನು ನೋಡಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕಾನ್ಪುರದ ಆ .32 ರಿವಾಲ್ವರ್ ನಡುವೆ ಮುರಿದು ತೆರೆಯುವ ಮಾದರಿ. ಮೇಲಿನ ಚಿಲಕ ಒತ್ತಿ ನಳಿಗೆ ಬಗ್ಗಿಸಿದರೆ ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಮನೆಗಳು ಕಣ್ಣಿಗೆ ಕಾಣುತ್ತವೆ. ಆರರಲ್ಲೂ ಬೆಳಕು ಕಂಡರೆ ಖಾಲಿ. ಬೆರಳು ಹಾಕಿ ಎಣಿಸಬಹುದು. ನನ್ನ ಹೆಂಡತಿ ಮೊದಲ ದಿನವೇ ಕಲಿತಳು. ಪಿಸ್ತೂಲಿನ ಸ್ಲೈಡ್ ಎಳೆಯಲು ಅವಳಿಗೆ ಕಷ್ಟವಾಗುತ್ತಿತ್ತು. ಆದರೆ ಒಂದು ಮಾತು. ಹೆಂಗಸರಿಗೆ ಸಣ್ಣ ಹಗುರ ರಿವಾಲ್ವರೇ ಸರಿ ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಅದನ್ನು ಸುಮ್ನೆ ನಂಬಬೇಡಿ. 2014ರಲ್ಲಿ ಬಂದ ಅರ್ಧ ಕಿಲೋ ತೂಕದ ನಿರ್ಭೀಕ್ ಎಂಬ ರಿವಾಲ್ವರನ್ನೂ ಅವಳು ಹಿಡಿದು ನೋಡಿದಳು. ಬ್ಯಾಗಿಗೆ ಹಗುರ, ನಿಜ. ಆದರೆ ತೂಕ ಕಡಿಮೆಯಾದಷ್ಟೂ ಒದೆತ ಅಂಗೈಗೇ ಬರುತ್ತದೆ. ನಮ್ಮದು ಸುಮಾರು 700 ಗ್ರಾಂ. ಅದೇ ಅವಳ ಕೈಗೆ ಸರಿಹೋಯಿತು.

ಹಾಗಂತ ರಿವಾಲ್ವರಿಗೆ ಕುಂದಿಲ್ಲ ಎಂದಲ್ಲ. ಆರೇ ಗುಂಡು, ಪಿಪಿಯಲ್ಲಿ ಎಂಟು. ಸಿಲಿಂಡರಿನ ಉಬ್ಬು ಸೊಂಟಕ್ಕೆ ಒತ್ತುತ್ತದೆ, ಬಗ್ಗಿ ಚಿಗುರು ತೆಗೆಯುವಾಗಂತೂ ಪಕ್ಕೆಗೇ ಚುಚ್ಚುತ್ತದೆ. ಖಾಲಿ ಕೇಸು ತೆಗೆಯುವಾಗ ನಳಿಗೆ ನಿಧಾನಕ್ಕೆ ಬಗ್ಗಿಸಿದರೆ ಒಂದು ಕೇಸು, ಅದನ್ನು ಹೊರಗೆ ದಬ್ಬುವ ಎಜೆಕ್ಟರಿನ ಅಡಿಗೆ ಜಾರಿ ಸಿಕ್ಕಿಕೊಳ್ಳುವುದುಂಟು. ನನಗೆ ಒಮ್ಮೆ ಆಗಿದೆ. ಅಂದಿನಿಂದ ನಳಿಗೆಯನ್ನು ಆಕಾಶಕ್ಕೆ ಮಾಡಿ, ಒಂದೇ ಸಲ ಪೂರ್ತಿ ತೆರೆಯುತ್ತೇನೆ. 2023ರಲ್ಲಿ ಬಂದ ರಿವಾಲ್ವರ್ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಈಗ ಕೊಳ್ಳುವವರು ಅದನ್ನೂ ಹಿಡಿದು ನೋಡಲಿ.

ಇನ್ನೊಂದು ಎಚ್ಚರಿಕೆ. ಪಿಸ್ತೂಲಿನದೂ .32, ರಿವಾಲ್ವರಿನದೂ .32, ಆದರೆ ಗುಂಡು ಬೇರೆ ಬೇರೆ. ಪಿಸ್ತೂಲಿನದು ಮೋಟು. ರಿವಾಲ್ವರಿನದು ಉದ್ದ, ಬುಡದಲ್ಲಿ ಅಂಚು ಎದ್ದು ಕಾಣುತ್ತದೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಲೇಬಾರದು.

ಮಳೆಗಾಲದ್ದು ಬೇರೆಯೇ ಕಥೆ. ಮೊದಲ ವರ್ಷ ರಿವಾಲ್ವರನ್ನು ಚರ್ಮದ ಚೀಲದಲ್ಲೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ತೆಗೆದಾಗ ಹಿಡಿಯ ಪಕ್ಕದಲ್ಲಿ ರಾಗಿ ಕಾಳಿನಷ್ಟು ತುಕ್ಕಿನ ಚುಕ್ಕೆಗಳು. ಚರ್ಮ ನೀರು ಹಿಡಿದುಕೊಳ್ಳುತ್ತದೆ. ಈಗ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಬೀಗದ ಕೈ ನನ್ನ ಹತ್ತಿರ ಒಂದು, ಹೆಂಡತಿ ಹತ್ತಿರ ಒಂದು. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ. ವಾಪಸು ತಂದ ದಿನ ನಳಿಗೆ ಬಗ್ಗಿಸಿ, ಬೆಳಕಿಗೆ ಹಿಡಿದು, ಒರೆಸಿದರೆ ಹದಿನೈದು ನಿಮಿಷದ ಕೆಲಸ.

ಒಂದು ರಾತ್ರಿ ಅದನ್ನು ಕೈಗೆ ತೆಗೆದುಕೊಂಡಿದ್ದೂ ಆಯಿತು. ಒಂದೂವರೆ ಗಂಟೆ ಇರಬೇಕು. ನಾಯಿಗಳು ಒಂದೇ ಸಮನೆ ಬೊಗಳುತ್ತಿದ್ದವು, ಹಿಂಬಾಗಿಲು ಯಾರೋ ಬಡಿದರು. ರಿವಾಲ್ವರ್ ನೆಲದ ಕಡೆಗೆ, ಬೆರಳು ಟ್ರಿಗರಿನ ಹೊರಗೆ. ಮೊದಲು ಟಾರ್ಚ್ ಹಾಕಿದೆ, "ಯಾರು?" ಎಂದೆ. ತೋಟದ ಕೆಲಸದವರ ಲೈನ್ ಮನೆಯ ಹುಡುಗ. ಅವನ ತಾಯಿಗೆ ಉಸಿರು ಕಟ್ಟುತ್ತಿತ್ತು. ರಿವಾಲ್ವರ್ ಪೆಟ್ಟಿಗೆಗೆ ಹಾಕಿ, ಜೀಪಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಕೈ ನಡುಗುತ್ತಿತ್ತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಸ್ವರಕ್ಷಣೆಯ ಹಕ್ಕು ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚು ಬಲ ಬಳಸಬಾರದು ಎಂದೂ ಹೇಳುತ್ತವೆ. ಆದರೆ ಬಾಗಿಲ ಹೊರಗೆ ಇರುವುದು ಯಾರೆಂದು ಕಣ್ಣಾರೆ ನೋಡದೆ ಗುಂಡು ಹಾರಿಸಿದವನನ್ನು ಯಾವ ಸೆಕ್ಷನ್ ಕಾಯುತ್ತದೆ? ರಿವಾಲ್ವರಿನ ಆ ಭಾರದ ಟ್ರಿಗರ್ ರೇಂಜಿನಲ್ಲಿ ನನ್ನ ಗುರಿ ಕೆಡಿಸಿತ್ತು. ಅವತ್ತು ಅದು ಭಾರವಾಗಿದ್ದದ್ದೇ ನನಗೆ ಧೈರ್ಯ ಕೊಟ್ಟಿತು.

ಈಗ ಬಟವಾಡೆಯ ಹೆಚ್ಚಿನ ದುಡ್ಡು ನೇರ ಕೆಲಸದವರ ಖಾತೆಗೆ ಹೋಗುತ್ತದೆ. ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸುವ ದಿನಗಳು ಕಡಿಮೆಯಾಗಿವೆ. ಸಮಾಧಾನವೇ.

ಅಪ್ಪನ ಪಿಸ್ತೂಲು ತಂಗಿಯ ಲೈಸೆನ್ಸಿಗೆ ಹೋಯಿತು. ಅವಳಿರುವುದು ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗುತ್ತಾಳೆ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಸ್ಪ್ರಿಂಗ್ ಬದಲಿಸಿದ್ದಾಳೆ, ಹಳೆಯ ಗುಂಡನ್ನೆಲ್ಲ ಬಿಟ್ಟು ಹೊಸದು ತಂದಿದ್ದಾಳೆ. ಕಳೆದ ಸಲ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವಳು ಮೂರು ಮ್ಯಾಗಜಿನ್, 24 ಗುಂಡು ಹೊಡೆದಳು. ಒಂದೂ ಸಿಕ್ಕಿಕೊಳ್ಳಲಿಲ್ಲ. ಮುಗಿದ ಮೇಲೆ ಮ್ಯಾಗಜಿನ್ ತೆಗೆದು, ಅಪ್ಪ ಬಾಯಿ ತೆರೆಯುವ ಮೊದಲೇ ಸ್ಲೈಡ್ ಎಳೆದು ತೋರಿಸಿದಳು.